ಕಾರ್ಡಿನಲ್ಲಿ ಇರುವವರು

ಅವಳ ಸಂಬಳದ ಚೀಟಿಯಲ್ಲಿ ‘ಹುದ್ದೆ’ ಎಂಬುದರ ಎದುರಿಗೆ ‘ಇತರೆ’ ಎಂದು ಅಚ್ಚಾಗಿರುತ್ತಿತ್ತು. ಕಂಪನಿಯ ಯಾವ ಪರದೆಯಲ್ಲಿ ‘ಇತರೆ’ ಕಂಡರೂ ಹೊಡೆದುಹಾಕುವುದು ಅವಳ ಕೆಲಸ. ಹನ್ನೊಂದು ವರ್ಷಗಳಿಂದ ಈ ಎರಡು ಸಂಗತಿಗಳು ಒಂದರ ತಂಟೆಗೆ ಇನ್ನೊಂದು ಹೋಗದೆ ಬದುಕಿಕೊಂಡು ಬಂದಿದ್ದವು. ಸಂಬಳದ ಚೀಟಿ ಬೇರೆಯವರ ಸಾಫ್ಟ್‌ವೇರಿನಿಂದ ಬರುತ್ತಿತ್ತು. ಅದು ಅವಳ ಪಟ್ಟಿಗೆ ಸೇರಿದ್ದಲ್ಲ.

ಪಟ್ಟಿ ಅಂದರೆ ಪದಗಳ ಪಟ್ಟಿ. ಅದರಿಂದಲೇ ಆಫೀಸಿನಲ್ಲಿ ಅವಳಿಗೆ ಪಟ್ಟಿಯಕ್ಕ ಎಂದು ಹೆಸರು ಬಿದ್ದಿತ್ತು. ಕಂಪನಿ ಮಾಡುತ್ತಿದ್ದುದು ಆರೋಗ್ಯ ಕಾರ್ಡಿನ ಸಾಫ್ಟ್‌ವೇರ್. ಕಾರ್ಖಾನೆ, ಅಂಗಡಿ, ಶಾಲೆಗಳಲ್ಲಿ ದುಡಿಯುವವರು ಅದರಲ್ಲಿ ತಮ್ಮ ಹೆಸರನ್ನೂ ಮನೆಯವರ ಹೆಸರನ್ನೂ ತುಂಬುತ್ತಾರೆ. ಆಸ್ಪತ್ರೆಯ ಕೌಂಟರಿನಲ್ಲಿ ಕೂತವರು ಕಾರ್ಡಿನ ಸಂಖ್ಯೆ ಒತ್ತಿದರೆ ಯಾರಿಗೆ ಯಾವ ಚಿಕಿತ್ಸೆ ಉಂಟು ಎಂದು ತೋರಿಸುತ್ತದೆ. ಆ ಪರದೆಗಳ ಮೇಲೆ ಯಾವುದನ್ನು ಏನೆಂದು ಕರೆಯಬೇಕು ಎಂಬುದು ಪಟ್ಟಿಯಕ್ಕನ ಜವಾಬ್ದಾರಿ.

ಅದಕ್ಕೂ ಮೊದಲು ಏಳು ವರ್ಷ ಅದೇ ಕಂಪನಿಯ ಸಹಾಯವಾಣಿಯಲ್ಲಿ ಕೂತಿದ್ದಳು. ದಿನಕ್ಕೆ ಅರವತ್ತು ಫೋನು. ಅಲ್ಲಿ ಅವಳು ಕಲಿತದ್ದು ಒಂದೇ: ಪದ ಅರ್ಥವಾಗದಿದ್ದರೆ ಜನ ಪದವನ್ನು ಬೈಯುವುದಿಲ್ಲ, ತಮ್ಮನ್ನೇ ಬೈದುಕೊಳ್ಳುತ್ತಾರೆ. “ನಾನು ಅಷ್ಟೇನೂ ಓದಿಲ್ಲಮ್ಮ” ಎಂದು ಶುರು ಮಾಡುವರು. “ನನ್ನದೇ ತಪ್ಪಿರಬೇಕು, ಸ್ವಲ್ಪ ನೋಡಿ” ಎನ್ನುವರು. ಇಂಥ ಮಾತು ಬಂದಾಗಲೆಲ್ಲ ಆ ಪರದೆಯ ಪದವನ್ನು ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ನಾಲ್ಕು ನೋಟ್‌ಬುಕ್ಕು ತುಂಬಿದ ಮೇಲೆ ಮ್ಯಾನೇಜರ್ ಕಣ್ಣಿಗೆ ಬಿತ್ತು. ಬೈಯಬೇಕೋ ಹೊಗಳಬೇಕೋ ತಿಳಿಯದೆ ಅವರು ನೀರಿನ ಫಿಲ್ಟರಿಗೂ ಪ್ರಿಂಟರಿಗೂ ನಡುವೆ ಒಂದು ಮೇಜು ಹಾಕಿಸಿಕೊಟ್ಟರು.

ಅವಳದೊಂದು ಪದ್ಧತಿ ಇತ್ತು. ಯಾವ ಪದವನ್ನೂ ಕಾಗದದ ಮೇಲೆ ನೋಡಿ ಒಪ್ಪುತ್ತಿರಲಿಲ್ಲ. ಅದನ್ನು ಒಬ್ಬ ಮನುಷ್ಯನ ಮುಖಕ್ಕೆ ಹೇಳಬೇಕು. ಹೇಳುವಾಗ ಅವಳ ಕಣ್ಣು ಆಚೀಚೆ ಹೋದರೆ ಪದ ಬಿದ್ದಂತೆ. ಈ ಕೆಲಸಕ್ಕೆ ಬಿಡುವಾಗಿ ಸಿಗುವ ಮುಖ ಗೇಟಿನ ಕಾವಲುಗಾರನದು. ಪ್ರತಿ ಮಂಗಳವಾರ ಬೆಳಿಗ್ಗೆ ಅವಳು ಅವನ ಕುರ್ಚಿಯೆದುರು ನಿಂತು, “ನಿಮ್ಮ ಅರ್ಜಿ ತಿರಸ್ಕೃತವಾಗಿದೆ” ಎನ್ನುವಳು.

“ಯಾಕಂತೆ?” ಎನ್ನುವನು ಅವನು.

ಹಾಗಾಗಿ ಆ ಸಾಫ್ಟ್‌ವೇರಿನಲ್ಲಿ ತಿರಸ್ಕಾರದ ಪ್ರತಿಯೊಂದು ಸಾಲಿನ ಕೆಳಗೂ ಕಾರಣ ಎಂಬ ಇನ್ನೊಂದು ಸಾಲು ಬಂತು. ಇನ್ನೊಂದು ಮಂಗಳವಾರ ಅವಳು “ನಿಮ್ಮ ಹೆಸರು ಅಮಾನ್ಯ” ಎಂದಾಗ ಅವನು ಎದ್ದೇ ನಿಂತುಬಿಟ್ಟ. “ಏನಕ್ಕಾ, ನಮ್ಮಪ್ಪ ಇಟ್ಟ ಹೆಸರು. ಐವತ್ತೆಂಟು ವರ್ಷ ನಡೆದಿದೆ. ಇವತ್ತು ಅಮಾನ್ಯವಾ?” ಅಂದಿನಿಂದ ಆ ಜಾಗದಲ್ಲಿ ‘ಈ ಪೆಟ್ಟಿಗೆಯಲ್ಲಿ ಅಂಕಿ ಬರೆಯುವಂತಿಲ್ಲ’ ಎಂದು ಬರತೊಡಗಿತು. ಅಷ್ಟಕ್ಕೂ ವಿಷಯ ಇದ್ದದ್ದು ಅಷ್ಟೇ.

ಸಾಫ್ಟ್‌ವೇರ್ ಬರೆಯುವವರಲ್ಲಿ ಮುಖ್ಯನಾದವನಿಗೆ ಆಮೇಲಣ್ಣ ಎಂದು ಹೆಸರು. ಏನು ಹೇಳಿದರೂ “ಆಮೇಲೆ ಮಾಡೋಣ ಅಕ್ಕ” ಎನ್ನುತ್ತಿದ್ದ. ಅವನು ಮಾಹಿತಿಯ ಮೂಲ ಪ್ರತಿ ಇರುವ ಯಂತ್ರವನ್ನು ‘ಯಜಮಾನ’ ಎಂದೂ, ಅದನ್ನು ನಕಲು ಮಾಡಿಕೊಳ್ಳುವ ಯಂತ್ರಗಳನ್ನು ‘ಆಳು’ ಎಂದೂ ಕರೆಯುತ್ತಿದ್ದ. ಹಿಂದಿನವರೂ ಹಾಗೇ ಕರೆಯುತ್ತಿದ್ದರಂತೆ. ಬದಲಾಯಿಸು ಎಂದು ಪಟ್ಟಿಯಕ್ಕ ಹೇಳಿದಾಗ, “ಯಂತ್ರಕ್ಕೇನು ಬೇಜಾರಾಗುತ್ತಾ?” ಎಂದು ಕೇಳಿದ.

“ಯಂತ್ರಕ್ಕಲ್ಲ. ಆಳು ಅಂತ ಕರೆಸಿಕೊಂಡೇ ಬೆಳೆದವರು ನಾಳೆ ನಿನ್ನ ಪಕ್ಕದ ಕುರ್ಚಿಗೆ ಕೆಲಸಕ್ಕೆ ಬರ್ತಾರೆ. ಅದೂ ಬಿಡು. ಯಜಮಾನ ಅಂದ್ರೆ ಅದು ಏನು ಮಾಡುತ್ತೆ ಅಂತ ಗೊತ್ತಾಗಲ್ಲ. ಎಷ್ಟೋ ಮನೆಗಳಲ್ಲಿ ಏನೂ ಮಾಡಲ್ಲ.”

ಹೆಂಗಸರ ಕಡೆಯ ಮೇಜುಗಳಿಂದ ಯಾರೋ ಕೆಮ್ಮಿದರು. ಯಂತ್ರಗಳು ‘ಮೂಲ’ ಮತ್ತು ‘ನಕಲು’ ಆದವು. ಆಮೇಲೆ.

ಇಷ್ಟೆಲ್ಲ ಅಳೆದು ತೂಗಿ ಮಾಡುವವಳ ಕೈಯಿಂದಲೇ ಒಂದು ಪದ ಜಾರಿಹೋಗಿತ್ತು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಅದು ಅವಳಿಗೆ ಗೊತ್ತಾದದ್ದು ಆರು ವರ್ಷದ ಮೇಲೆ, ತನ್ನ ಮನೆಯಲ್ಲಿ, ಚಿಕ್ಕಮ್ಮನ ಎದುರು.

ತಾಯಿ ತೀರಿಕೊಂಡಾಗ ಪಟ್ಟಿಯಕ್ಕನಿಗೆ ಒಂಬತ್ತು ವರ್ಷ. ಚಿಕ್ಕಮ್ಮನಿಗೆ ಇಪ್ಪತ್ತೊಂದು. ಚಿಕ್ಕಮ್ಮ ಅಕ್ಕನ ಮಗಳನ್ನೂ ಅಕ್ಕನ ಹೊಲಿಗೆ ಯಂತ್ರವನ್ನೂ ಒಂದೇ ದಿನ ತನ್ನ ಬಾಡಿಗೆ ಕೋಣೆಗೆ ತಂದಳು. ಯಂತ್ರ ಕಿಟಕಿಯ ಬಳಿ, ಹುಡುಗಿ ಯಂತ್ರದ ಬಳಿ. ಮೂವತ್ತೇಳು ವರ್ಷ ಶಾಲೆಗಳ ಸಮವಸ್ತ್ರ ಹೊಲಿದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, “ಜೂನ್ ತಿಂಗಳಲ್ಲಿ ಬಿಡುವಿರಲಿಲ್ಲ” ಎನ್ನುತ್ತಿದ್ದಳು. ಉಳಿದ ಹನ್ನೊಂದು ತಿಂಗಳ ಬಗ್ಗೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಎಂಟು ತಿಂಗಳ ಹಿಂದೆ ಅವಳು ಒಂದು ಅಂಗಿಯ ಕಾಜಾಗಳನ್ನು ಗುಂಡಿಗಳ ಪಟ್ಟಿಯಿಂದ ಒಂದು ಬೆರಳು ಆಚೆಗೆ ಕತ್ತರಿಸಿದಳು. ಮಾರನೆಯ ದಿನ ಇನ್ನೊಂದು. ಮೂರನೆಯ ದಿನ ಯಂತ್ರಕ್ಕೆ ಹೊದಿಕೆ ಹಾಕಿ, ಏನೂ ಆಗದವಳಂತೆ ಹೊರಗಿನ ಮೆಟ್ಟಿಲ ಮೇಲೆ ಕೂತಳು. ಎರಡೂ ಕಣ್ಣಿನಲ್ಲಿ ಪೊರೆ. ಬಲಗಣ್ಣಿನದು ಪೂರಾ ಬಲಿತಿದೆ, ಇನ್ನು ತಡಮಾಡಿದರೆ ಆಪರೇಷನ್ ಕಷ್ಟವಾಗುತ್ತದೆ ಎಂದರು ಡಾಕ್ಟರು.

ಕಂಪನಿ ತನ್ನ ಕೆಲಸಗಾರರಿಗೂ ಅದೇ ಕಾರ್ಡು ಕೊಡುತ್ತಿತ್ತು. ಕಾರ್ಡಿಗೆ ಮನೆಯವರ ಹೆಸರು ಸೇರಿಸಲು ವರ್ಷಕ್ಕೊಂದು ತಿಂಗಳು ಅವಕಾಶ. ಒಂದನೇ ತಾರೀಖಿಗೆ ಬಾಗಿಲು ತೆರೆದರೆ ಮೂವತ್ತರ ಸಂಜೆ ಆರಕ್ಕೆ ಮುಚ್ಚುತ್ತದೆ. ಆಮೇಲೆ ಮುಂದಿನ ವರ್ಷ. ಆರನೇ ತಾರೀಖು ಪಟ್ಟಿಯಕ್ಕ ಒಪ್ಪಿಗೆ ಪತ್ರವನ್ನು ಮನೆಗೆ ತಂದು, ಚಿಕ್ಕಮ್ಮನ ಕೈಗೆ ಪೆನ್ನು ಕೊಟ್ಟು, ಸಹಿಯ ಜಾಗ ತೋರಿಸಿದಳು.

ಚಿಕ್ಕಮ್ಮ ಕಾಗದವನ್ನು ಕಿಟಕಿಗೆ ಹಿಡಿದು, ಭೂತಗನ್ನಡಿಯನ್ನು ಸಾಲಿನ ಮೇಲೆ ಇಸ್ತ್ರಿಪೆಟ್ಟಿಗೆಯಂತೆ ಎಳೆದುಕೊಂಡು ಹೋದಳು. ಒಂದು ಕಡೆ ನಿಂತಳು.

“ಅವಲಂಬಿತರು. ಇದು ಯಾರು?”

“ನೀನೇ, ಚಿಕ್ಕಮ್ಮ. ಅದು ಬರೀ ಕಾಗದದ ಮಾತು.”

“ನೀನು ತಿಂಗಳಿಗೆ ಸಂಬಳ ತಗೊಳ್ಳೋದು ಕಾಗದದ ಮಾತಿಗೇ ಅಲ್ವಾ?”

ಚಿಕ್ಕಮ್ಮ ಪೆನ್ನಿನ ಮುಚ್ಚಳ ಹಾಕಿದಳು.

“ನಾನು ಹೊಲೀತಿದ್ದಾಗ ಇದನ್ನ ತಂದಿದ್ರೆ ನಕ್ಕು ಸಹಿ ಹಾಕ್ತಿದ್ದೆ. ಸುಳ್ಳು ಅಂತ ಇಬ್ಬರಿಗೂ ಗೊತ್ತಿರ್ತಿತ್ತು. ಈಗ ಅದು ನಿಜ ಕಣೇ. ನಿಜ ಆಗಿರೋದ್ರಿಂದಲೇ ಸಹಿ ಹಾಕಲ್ಲ.”

“ಕಣ್ಣು?”

“ಯಂತ್ರ ಮಾರಿ ಮಾಡಿಸ್ಕೋತೀನಿ.”

“ಯಂತ್ರ ಮಾರಿ ಕಣ್ಣು ಮಾಡಿಸ್ಕೊಂಡು, ಆ ಕಣ್ಣಿಂದ ಏನು ಹೊಲೀತೀಯ?”

“ನಿನ್ನ ಬಾಯಿ” ಎಂದಳು ಚಿಕ್ಕಮ್ಮ. ಅಲ್ಲಿಗೆ ಮಾತು ಮುಗಿಯಿತು. ಅವಳು ಒಮ್ಮೆ ಬೇಡವೆಂದರೆ ಕಡ್ಡಿ ಮುರಿದಂತೆ.

ಆ ಪದವನ್ನು ಅಲ್ಲಿ ಇಟ್ಟವಳು ತಾನೇ ಎಂದು ಪಟ್ಟಿಯಕ್ಕ ಹೇಳಲಿಲ್ಲ. ಆರು ವರ್ಷದ ಹಿಂದೆ ಆ ಜಾಗದಲ್ಲಿ ‘ಆಶ್ರಿತರು’ ಎಂದಿತ್ತು. ಅದು ಬೇರೆಯವರ ಜಗಲಿಯ ಮೇಲೆ ಮಲಗಿದವರ ಹಾಗೆ ಕೇಳಿಸುತ್ತದೆ ಎಂದು ಅವಳೇ ತೆಗೆಸಿ ‘ಅವಲಂಬಿತರು’ ಹಾಕಿಸಿದ್ದಳು. ಪದ್ಧತಿಯ ಪ್ರಕಾರ ಕಾವಲುಗಾರನ ಮುಖಕ್ಕೂ ಹೇಳಿದ್ದಳು. “ನನ್ನ ಹೆಂಡತಿ ಮಕ್ಕಳಾ? ಹೌದಕ್ಕಾ, ಎಲ್ಲ ನನ್ನ ಮೇಲೇ” ಎಂದು ಅವನು ಎದೆ ಮುಂದೆ ಮಾಡಿ ಕೂತಿದ್ದ. ಆ ಮಂಗಳವಾರ ಅವಳ ಕಣ್ಣು ಆಚೀಚೆ ಹೋಗಿರಲಿಲ್ಲ. ಹೋಗುವುದಾದರೂ ಯಾಕೆ? ಪದ ಬೀಳುವುದು ಅವನ ಹೆಂಡತಿಯ ಮೇಲೆ; ಕೇಳಿದ್ದು ಅವನನ್ನು. ತಪ್ಪು ಮುಖ ಹಿಡಿದುಕೊಂಡು ಪರೀಕ್ಷೆ ಮಾಡಿದ್ದಳು.

ಎಂಟನೇ ತಾರೀಖು ಅವಳು ಮ್ಯಾನೇಜರ್ ಕೋಣೆಗೆ ಹೋಗಿ ಪದ ಬದಲಾಗಬೇಕು ಎಂದಳು. ಯಾಕೆ ಎಂದರು. ಇದ್ದದ್ದು ಇದ್ದ ಹಾಗೆ ಹೇಳಿದಳು.

“ನೋಡಿ, ನಿಮ್ಮ ಚಿಕ್ಕಮ್ಮನ ಬಗ್ಗೆ ನನಗೆ ಗೌರವ ಇದೆ” ಎಂದರು ಮ್ಯಾನೇಜರ್. ಅವರು ಚಿಕ್ಕಮ್ಮನನ್ನು ನೋಡಿರಲಿಲ್ಲ. “ಆದ್ರೆ ಆ ಪದ ಇನ್ನೂರ ಹದಿನಾಲ್ಕು ಕಡೆ ಇದೆ. ತಿಂಗಳ ನಡುವೆ ಕೈ ಹಾಕೋದು ಅಂದ್ರೆ... ಒಬ್ಬರ ಮನೆ ಸಂಕಟಕ್ಕೆ ಊರ ಬಾವಿ ತೋಡಿದ ಹಾಗಾಗುತ್ತೆ. ಬೇರೆ ಯಾರಾದ್ರೂ ದೂರು ಕೊಟ್ಟಿದಾರಾ?”

ಯಾರೂ ಕೊಟ್ಟಿರಲಿಲ್ಲ. ಸಹಾಯವಾಣಿಯ ದಾಖಲೆಯನ್ನು ಎರಡು ದಿನ ಜಾಲಾಡಿದರೂ ಒಂದು ದೂರು ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಫಾರ್ಮನ್ನು ಅರ್ಧಕ್ಕೆ ಬಿಟ್ಟು ಹೋದವರ ಲೆಕ್ಕವನ್ನು ಸಾಫ್ಟ್‌ವೇರ್ ತಾನೇ ಇಟ್ಟಿರುತ್ತದೆ. ಹಿಂದಿನ ವರ್ಷ ಸಾವಿರದ ನೂರ ನಲವತ್ತು ಜನ ಬೇರೆಲ್ಲ ಪುಟ ತುಂಬಿ, ‘ಅವಲಂಬಿತರು’ ಎಂಬ ಪುಟಕ್ಕೆ ಬಂದು, ಎದ್ದುಹೋಗಿದ್ದರು. ಆ ಸಾಲಿನ ಪಕ್ಕ ಆಮೇಲಣ್ಣನ ಟಿಪ್ಪಣಿ: ‘ಸೋಮಾರಿತನ’.

ಪಟ್ಟಿಯಕ್ಕ ಮತ್ತೆ ಫೋನು ಹಿಡಿದಳು. ಮೂರು ದಿನದಲ್ಲಿ ನಲವತ್ತು ಜನ. ಹದಿನೇಳು ಜನರಿಗೆ ನಿಜಕ್ಕೂ ಸೋಮಾರಿತನವೇ. ಅವರು ಅದನ್ನು ಸಂತೋಷದಿಂದ ಒಪ್ಪಿಕೊಂಡರು. ಉಳಿದವರು ಮೊದಲು ತಡವರಿಸಿದರು, ಆಮೇಲೆ ಹೇಳಿದರು. ಲಾರಿ ಓಡಿಸುವವನೊಬ್ಬನ ಹೆಂಡತಿ ಅವನಿಗಿಂತ ಹೆಚ್ಚು ದುಡಿಯುವವಳು, ಫಾರ್ಮು ತುಂಬುತ್ತಿದ್ದವಳೂ ಅವಳೇ. ಆ ಪುಟ ಬಂದಾಗ ಎದ್ದು ಬಟ್ಟೆ ಒಗೆಯಲು ಹೋದವಳು ತಿರುಗಿ ಬಂದಿರಲಿಲ್ಲ. ಇನ್ನೊಬ್ಬನ ತಮ್ಮ ಗಾಲಿಕುರ್ಚಿಯಲ್ಲಿರುವವನು, ಬೀದಿಯ ಅರ್ಧ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾನಂತೆ. “ಅವನಿಗೆ ಇದನ್ನ ತೋರಿಸೋಕೆ ನನಗೆ ಮನಸ್ಸಾಗ್ಲಿಲ್ಲ ಮೇಡಂ. ನಮ್ಮದೇ ತಪ್ಪು, ಬಿಡಿ” ಎಂದ ಅವನ ಅಣ್ಣ.

ನಮ್ಮದೇ ತಪ್ಪು ಎಂದವರು ಇಪ್ಪತ್ತಮೂರು ಜನರಲ್ಲಿ ಹತ್ತೊಂಬತ್ತು. ಅವಳು ಅದನ್ನೂ ಬರೆದುಕೊಂಡಳು.

ಹದಿಮೂರನೇ ತಾರೀಖು ಮ್ಯಾನೇಜರ್ ಆ ಕಾಗದಗಳನ್ನು ಓದಿ ಮುಗಿಸಿ, ಕನ್ನಡಕ ತೆಗೆದು ಒರೆಸಿದರು. ಅದು ಒಪ್ಪಿಗೆಯ ಲಕ್ಷಣ. “ಸರಿ. ಅದರ ಬದಲಿಗೆ ಏನು?”

ಅದೇ ತಾನೇ ಕಷ್ಟ. ‘ಮನೆಯವರು’ ಎಂದು ಬರೆದಳು. ಹಾಗೆಂದರೆ ಗಂಡ ಮಾತ್ರ ಎಂದು ಅರ್ಧ ಜನ ತಿಳಿಯುತ್ತಾರೆ. ‘ಸದಸ್ಯ ಒಂದು, ಸದಸ್ಯ ಎರಡು’ ಎಂದರೆ ಒಂದನೆಯವರು ಯಾರು ಎಂಬ ಜಗಳಕ್ಕೆ ಕಂಪನಿಯೇ ಪಂಚಾಯಿತಿ ಮಾಡಬೇಕಾಗುತ್ತದೆ. ‘ಜೊತೆಯವರು’ ಅವಳಿಗೆ ಬಹಳ ಹಿಡಿಸಿತು. ಬಾಯಲ್ಲಿ ಹೇಳಿಕೊಂಡರೆ ಯಾರೋ ಪಕ್ಕದಲ್ಲಿ ನಡೆದು ಬರುತ್ತಿರುವ ಹಾಗೆ ಅನ್ನಿಸುತ್ತಿತ್ತು. ಈ ಸಲ ಆ ಪದವನ್ನು ದಿನವೂ ಓದಬೇಕಾದ ಮುಖವನ್ನೇ ಹುಡುಕಿಕೊಂಡು, ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ, ಕೌಂಟರಿನ ಹುಡುಗಿಯ ಎದುರು ನಿಂತು ಹೇಳಿದಳು.

“ಜೊತೆಯವರಾ? ಅಲ್ಲಿ ಬೆಂಚಿನ ಮೇಲೆ ಕೂರ್ತಾರಲ್ಲ, ಅವರೇ ತಾನೇ?” ಎಂದಳು ಹುಡುಗಿ. “ನಿನ್ನೆ ಒಬ್ಬ ಅಜ್ಜಿ ಜೊತೆ ಟ್ಯಾಕ್ಸಿಯವನು ಬಂದಿದ್ದ. ಅವನ ಹೆಸರೂ ಹಾಕ್ಬೇಕಾ?”

ನೋಯಿಸದ ಪದ ಬೇಕು ಎಂದು ಹೊರಟು, ತಿಳಿಯದ ಪದ ಹಿಡಿದುಕೊಂಡು ಬಂದಂತಾಯಿತು. ಬಸ್ಸಿನಲ್ಲಿ ಮರಳುವಾಗ ಅವಳು ‘ಜೊತೆಯವರು’ ಎಂಬುದಕ್ಕೆ ಅಡ್ಡಗೆರೆ ಎಳೆದಳು. ರಸ್ತೆಯ ಹೊಂಡಕ್ಕೆ ಪೆನ್ನು ಹಾರಿ ಗೆರೆ ಪುಟದಾಚೆಗೆ ಹೋಯಿತು.

ಇಪ್ಪತ್ತೊಂದನೇ ತಾರೀಖು ಭಾನುವಾರ. ಹಳೆಯ ಗಿರಾಕಿಯೊಬ್ಬಳು ಮಗನ ಅಂಗಿಯನ್ನು ಬೇರೆ ಕಡೆ ಹೊಲಿಸಬೇಕಾಗಿದೆ, ಅಳತೆ ಕೊಡಿ ಎಂದು ಹೇಳಿಕಳಿಸಿದ್ದಳು. ಕೊಡುವುದಿಲ್ಲ ಎನ್ನುವವಳಲ್ಲ ಚಿಕ್ಕಮ್ಮ. ಕೊಡುತ್ತೇನೆ ಎನ್ನುವಾಗ ಮಾತ್ರ ದನಿ ಸ್ವಲ್ಪ ದಪ್ಪವಾಯಿತು. ಅಳತೆಯ ಪುಸ್ತಕ ತೆಗೆದು ಓದು ಎಂದಳು. ಪಟ್ಟಿಯಕ್ಕ ಓದಿದಳು.

“ಎಡಗಡೆ ಹೆಗಲು ಅರ್ಧ ಇಂಚು ಇಳಿಸಿ. ಬೆನ್ನಿಗೆ ಒಂದು ಇಂಚು ಬಟ್ಟೆ ಜಾಸ್ತಿ ಬಿಡಿ.” ಓದುತ್ತ ಆ ಹುಡುಗ ನೆನಪಾದ. “ಇವನಿಗೆ ಬೆನ್ನು ಬಾಗಿದೆ ಅಲ್ವಾ ಚಿಕ್ಕಮ್ಮ? ಅದನ್ನ ಬರೆದೇ ಇಲ್ಲ ನೀನು.”

“ಅದನ್ಯಾಕೆ ಬರೀಲಿ?”

ಪಟ್ಟಿಯಕ್ಕ ಪುಟ ಮಗುಚಿದಳು. ಮೂವತ್ತೇಳು ವರ್ಷದ ಪುಸ್ತಕಗಳು. ಎಲ್ಲಿಯೂ ದಪ್ಪ, ಕುಳ್ಳ, ಗೂನು, ಕುಂಟು ಎಂಬ ಮಾತಿಲ್ಲ. ‘ಸೊಂಟಕ್ಕೆ ಎರಡು ಇಂಚು ಸೇರಿಸಿ’, ‘ಬಲಗಾಲಿನ ಅಂಚು ಮುಕ್ಕಾಲು ಇಂಚು ಮೇಲೆ’, ‘ಗುಂಡಿ ಬೇಡ, ಒತ್ತುಗುಂಡಿ ಹಾಕಿ, ಒಂದೇ ಕೈಯಲ್ಲಿ ಹಾಕ್ಕೋತಾರೆ’.

“ಯಾರು ಹೇಳಿಕೊಟ್ಟಿದ್ದು ಹೀಗೆ ಬರೆಯೋಕೆ?”

“ಹೇಳಿಕೊಡೋಕೆ ಏನಿದೆ? ಪುಸ್ತಕ ಕತ್ತರಿ ಪಕ್ಕ ಬಿದ್ದಿರುತ್ತೆ. ಅಳತೆ ಕೊಡೋಕೆ ಬಂದೋರು ತಮ್ಮ ಪುಟ ಇಣುಕಿ ನೋಡ್ತಾರೆ. ಮೈ ಬಗ್ಗೆ ಬರೆದ್ರೆ ಅವರಿಗೆ ಬೇಜಾರು, ನನಗೆ ಉಪಯೋಗ ಇಲ್ಲ. ಗೂನು ಅಂತ ಬರೆದ್ರೆ ಎಷ್ಟು ಬಟ್ಟೆ ಬಿಡಬೇಕು ಅಂತ ಗೊತ್ತಾಗುತ್ತಾ? ಬಟ್ಟೆ ಬಗ್ಗೆ ಬರೆದ್ರೆ ಆಯ್ತು. ನಾನು ಹೊಲಿಯೋದು ಬಟ್ಟೇನ ತಾನೇ?”

ಪಟ್ಟಿಯಕ್ಕ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಳು. ಕಿಟಕಿಯ ಬಿಸಿಲು ಹೊದಿಕೆ ಹಾಕಿದ ಯಂತ್ರದ ಮೇಲೆ ಬಿದ್ದಿತ್ತು. ಹದಿನೈದು ದಿನದಿಂದ ಅವಳು ಜನರನ್ನು ಏನೆಂದು ಕರೆಯಲಿ ಎಂದು ಹುಡುಕುತ್ತಿದ್ದಳು. ಆ ಪುಟಕ್ಕೆ ಜನರ ಬಗ್ಗೆ ತಿಳಿಯಬೇಕಾದದ್ದು ಏನೂ ಇರಲಿಲ್ಲ. ಈ ಕಾರ್ಡಿನಲ್ಲಿ ಯಾರ ಯಾರ ಹೆಸರಿದೆ, ಕಂತು ಯಾರ ಸಂಬಳದಿಂದ ಹೋಗುತ್ತದೆ. ಅಷ್ಟೇ ಸಾಕು.

ಸೋಮವಾರ ಅವಳು ಎರಡು ಸಾಲು ಬರೆದುಕೊಂಡು ಹೋದಳು. ‘ಕಂತು ಕಟ್ಟುವವರು’. ‘ಕಾರ್ಡಿನಲ್ಲಿ ಇರುವವರು’. ಕೌಂಟರಿನ ಹುಡುಗಿಗೆ ಫೋನಿನಲ್ಲಿ ಓದಿ ಹೇಳಿದರೆ ಅವಳು, “ಹೂಂ, ಆಮೇಲೆ?” ಎಂದಳು. ಆಮೇಲೆ ಏನೂ ಇರಲಿಲ್ಲ. ಅಂದರೆ ಅರ್ಥವಾಗಿದೆ. ಲಾರಿಯವನ ಹೆಂಡತಿಗೆ ಓದಿ ಹೇಳಿದಳು. “ಎರಡರಲ್ಲೂ ನಾನೇ ಇರಬಹುದಲ್ಲ ಹಾಗಾದ್ರೆ” ಎಂದಳು ಆಕೆ. ಇರಬಹುದಿತ್ತು.

“ಇದು ಪದವೇ ಅಲ್ಲ, ವಾಕ್ಯದ ಅರ್ಧ” ಎಂದರು ಮ್ಯಾನೇಜರ್, ಆದರೆ ಕನ್ನಡಕ ಒರೆಸುತ್ತ.

ಆಗ ನಡೆಯಬಾರದ್ದು ನಡೆಯಿತು. ಆಮೇಲಣ್ಣನಿಗೆ ಈ ವಿಷಯ ತಲುಪಿ, ಚಿಕ್ಕಮ್ಮನ ಕಣ್ಣಿನ ಸುದ್ದಿಯೂ ತಲುಪಿ, ಅವನು ಬದುಕಿನಲ್ಲಿ ಮೊದಲ ಸಲ “ಈಗಲೇ ಮಾಡ್ತೀನಿ ಅಕ್ಕ” ಎಂದ. ಮಾಡಿಯೂ ಬಿಟ್ಟ. ‘ಅವಲಂಬಿತ’ ಎಂದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ‘ಕಾರ್ಡಿನಲ್ಲಿ ಇರುವವ’ ಎಂದು ಹಾಕು ಎಂದು ಯಂತ್ರಕ್ಕೆ ಹೇಳಿದ. ಯಂತ್ರ ಎಲ್ಲೆಲ್ಲಿಯೂ ಹಾಕಿತು. ಕಾಯಿಲೆಗಳ ಪಟ್ಟಿಯನ್ನೂ ಬಿಡಲಿಲ್ಲ.

ಇಪ್ಪತ್ತಾರನೇ ತಾರೀಖು ಬೆಳಿಗ್ಗೆ ಒಬ್ಬರು ಸಹಾಯವಾಣಿಗೆ ಫೋನು ಮಾಡಿದರು. ಅವರ ವರದಿಯಲ್ಲಿ ‘ಇನ್ಸುಲಿನ್ ಅವಲಂಬಿತ ಮಧುಮೇಹ’ ಇರಬೇಕಾದಲ್ಲಿ ‘ಇನ್ಸುಲಿನ್ ಕಾರ್ಡಿನಲ್ಲಿ ಇರುವವ ಮಧುಮೇಹ’ ಎಂದು ಬಂದಿತ್ತು.

“ನನ್ನ ಸಕ್ಕರೆ ಕಾಯಿಲೇನೂ ಕಾರ್ಡಿಗೆ ಸೇರಿಸಿದೀರಂತೆ” ಎಂದರು ಅವರು, ಸಿಟ್ಟಿಲ್ಲದೆ. “ಅದಕ್ಕೆ ಬೇರೆ ಕಂತು ಕಟ್ಟಬೇಕಾ?”

ಮಧ್ಯಾಹ್ನದ ಹೊತ್ತಿಗೆ ಅಂಥ ಹನ್ನೊಂದು ಫೋನು. ಒಬ್ಬರು ಯಂತ್ರದ ಸಹಾಯದಿಂದ ಉಸಿರಾಡುತ್ತಿದ್ದವರು. ಅವರ ಉಸಿರಾಟವೂ ಕಾರ್ಡಿನಲ್ಲಿ ಇತ್ತು. ಮ್ಯಾನೇಜರ್ ಎಲ್ಲವನ್ನೂ ಹಳೆಯದಕ್ಕೆ ತಿರುಗಿಸಲು ಹೇಳಿದರು. ಪರದೆಯ ಮೇಲೆ ‘ಅವಲಂಬಿತರು’ ಮತ್ತೆ ಬಂದು ಮೊದಲಿನ ಜಾಗದಲ್ಲೇ ಕೂತರು. ಇನ್ನು ನಾಲ್ಕು ದಿನ ಉಳಿದಿತ್ತು.

ಆಮೇಲಣ್ಣ ಅವಳ ಮೇಜಿನ ಬಳಿ ಬಂದು, ಫಿಲ್ಟರಿನ ನೀರು ತುಂಬಿ ಲೋಟದಿಂದ ಚೆಲ್ಲುವವರೆಗೂ ನಿಂತಿದ್ದ. “ತಪ್ಪಾಯ್ತು ಅಕ್ಕ. ಇನ್ಮೇಲೆ ಯಾವತ್ತೂ ಈಗಲೇ ಅನ್ನಲ್ಲ.”

“ನೀರು ಚೆಲ್ತಾ ಇದೆ ನೋಡು” ಎಂದಳು ಪಟ್ಟಿಯಕ್ಕ. “ಕುರ್ಚಿ ಎಳ್ಕೋ. ನಾನು ಓದ್ತೀನಿ, ನೀನು ಬದಲಾಯಿಸು. ಒಂದೊಂದೇ.”

ಇನ್ನೂರ ಹದಿನಾಲ್ಕು ಜಾಗ. ಅವಳು ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿದಳು. ಜನರ ಬಗ್ಗೆ ಇದ್ದರೆ “ಹೂಂ” ಎಂದಳು, ಕಾಯಿಲೆಯ ಬಗ್ಗೆ ಇದ್ದರೆ “ಊಹೂಂ” ಎಂದಳು. ಎರಡನೆಯ ದಿನ ಅವಳ ಗಂಟಲು ಕಟ್ಟಿತು. ಆಮೇಲೆ ತಲೆಯಾಡಿಸಿಯೇ ಹೇಳಿದಳು. ನೂರ ತೊಂಬತ್ತೆಂಟು ಜಾಗದಲ್ಲಿ ಜನ, ಹದಿನಾರರಲ್ಲಿ ಕಾಯಿಲೆ. ಇಪ್ಪತ್ತೊಂಬತ್ತರ ಸಂಜೆ ಮುಗಿಯಿತು. ಮೂವತ್ತರಂದು ಮಧ್ಯಾಹ್ನ ಮೂರೂವರೆಗೆ ಪರೀಕ್ಷೆ ಮುಗಿದು ಹೊಸ ಪುಟ ಬಂತು.

ಪತ್ರವನ್ನು ಮನೆಗೆ ಒಯ್ದು ಸಹಿ ಹಾಕಿಸಿ ಮರಳುವಷ್ಟು ಹೊತ್ತಿರಲಿಲ್ಲ. ಪಕ್ಕದ ಮನೆಗೆ ಫೋನು ಮಾಡಿ, ಚಿಕ್ಕಮ್ಮನನ್ನು ಯಾರಾದರೂ ಕರೆತರಬಹುದೇ ಎಂದು ಕೇಳಿದಳು. “ಇವತ್ತೇ ಕೊನೇ ದಿನವಂತೆ, ಹೊಸ ಪದ ನೋಡ್ಬೇಕು ಅಂತ ಅವರು ಆಗಲೇ ಹೊರಟುಹೋದ್ರು. ಒಬ್ಬರೇ” ಎಂದಳು ಪಕ್ಕದ ಮನೆಯವಳು. “ಬಸ್ಸಿನ ನಂಬರು ನಾನು ಹೇಳ್ತೀನಿ ಅಂದ್ರೂ ಕೇಳಲಿಲ್ಲ.”

ಐದು ಗಂಟೆಗೆ ಚಿಕ್ಕಮ್ಮ ಗೇಟಿನಲ್ಲಿ ಕಾಣಿಸಿಕೊಂಡಳು. ಮೂರು ಬಸ್ಸು ಬದಲಾಯಿಸಿದ್ದಳು. ಅದರಲ್ಲಿ ಒಂದು ಬೇಕಾಗಿರಲಿಲ್ಲ. ಕಾವಲುಗಾರ ತನ್ನ ಕುರ್ಚಿ ಬಿಟ್ಟುಕೊಟ್ಟ. ಪಟ್ಟಿಯಕ್ಕ ಒಪ್ಪಿಗೆ ಪತ್ರ ತಂದು ಕೈಗೆ ಕೊಟ್ಟಳು. ಚಿಕ್ಕಮ್ಮ ಚೀಲದಿಂದ ಭೂತಗನ್ನಡಿ ತೆಗೆದಳು.

“ಅಕ್ಷರ ಸಣ್ಣದಿದೆ ಅಮ್ಮ, ನಾನು ಓದಿ ಹೇಳ್ಲಾ?” ಎಂದ ಕಾವಲುಗಾರ.

“ಬೇಡಪ್ಪ. ಬೇರೆಯವರ ಕಣ್ಣು ಸಾಲ ತಗೊಳ್ಳೋಷ್ಟು ಆಗಿಲ್ಲ ನಾನು.”

ಅವಳು ಓದಿದಳು. ಬಹಳ ಹೊತ್ತು ಓದಿದಳು. ಪಟ್ಟಿಯಕ್ಕ ಗೋಡೆಯ ಗಡಿಯಾರವನ್ನು ನೋಡಲಿಲ್ಲ, ಕಾವಲುಗಾರ ಇಬ್ಬರ ಪರವಾಗಿಯೂ ನೋಡುತ್ತಿದ್ದ.

“ಕಾರ್ಡಿನಲ್ಲಿ ಇರುವವರು” ಎಂದಳು ಚಿಕ್ಕಮ್ಮ. “ಇರ್ತೀನಪ್ಪ. ಅದಕ್ಕೇನು.”

ಪೆನ್ನು ತೆಗೆದುಕೊಂಡವಳು ಮತ್ತೆ ನಿಂತಳು. “ಇಲ್ಲಿ ಸಂಬಂಧ ಅಂತ ಇದೆ. ತಾಯಿ ಅಂತ ಅಚ್ಚಾಗಿದೆಯಲ್ಲ?”

ಜೊತೆಯಲ್ಲಿ ವಾಸವಾಗಿರುವ ಹಿರಿಯರೊಬ್ಬರನ್ನು ಸೇರಿಸಬಹುದು ಎಂದು ನಿಯಮವಿತ್ತು. ಆದರೆ ಆರಿಸಿಕೊಳ್ಳಲು ಇದ್ದ ಸಂಬಂಧಗಳು ಏಳೇ. ಚಿಕ್ಕಮ್ಮ ಎಂಬುದು ಅದರಲ್ಲಿರಲಿಲ್ಲ. ಪಟ್ಟಿಯಕ್ಕನೇ ತಾಯಿ ಎಂಬುದನ್ನು ಒತ್ತಿದ್ದಳು. ಒತ್ತುವಾಗ ಅವಳಿಗೆ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿರಲಿಲ್ಲ.

“ಒಂಬತ್ತನೇ ವಯಸ್ಸಿಂದ ಸಾಕಿದೀಯ” ಎಂದಳು. “ಅಮ್ಮ ಅಂತ ಇದ್ರೆ ತಪ್ಪೇನು?”

“ನಾನು ಅಮ್ಮ ಆದ್ರೆ ನನ್ನಕ್ಕ ಎಲ್ಲಿಗೆ ಹೋಗ್ಬೇಕು?” ಎಂದಳು ಚಿಕ್ಕಮ್ಮ. “ಅವಳ ಯಂತ್ರ ಇಟ್ಕೊಂಡೆ, ಮಗಳನ್ನ ಇಟ್ಕೊಂಡೆ. ಹೆಸರಾದ್ರೂ ಅವಳಿಗಿರಲಿ. ಚಿಕ್ಕಮ್ಮ ಅಂತಲೇ ಹಾಕು.”

ಸಮಯ ಐದೂ ಇಪ್ಪತ್ತು. ಪಟ್ಟಿಯಕ್ಕ ಮೆಟ್ಟಿಲು ಹತ್ತಿ ಓಡಿದಳು. ನಲವತ್ತಾರು ವರ್ಷದ ಅವಳು ಓಡಿದ್ದನ್ನು ಆಫೀಸಿನಲ್ಲಿ ಯಾರೂ ನೋಡಿರಲಿಲ್ಲ. ಸಂಬಂಧಗಳ ಪಟ್ಟಿಗೆ ಎಂಟನೆಯದನ್ನು ಸೇರಿಸಬೇಕು ಎಂದಾಗ ಆಮೇಲಣ್ಣನ ಬಾಯಿ ಅಭ್ಯಾಸಬಲದಿಂದ ಒಮ್ಮೆ ತೆರೆದುಕೊಂಡಿತು. ಅವಳ ಮುಖ ನೋಡಿ ಮುಚ್ಚಿಕೊಂಡಿತು. ಐದೂ ಐವತ್ತಕ್ಕೆ ಪ್ರಿಂಟರಿನಿಂದ ಹೊಸ ಪತ್ರ ಬಿಸಿಬಿಸಿಯಾಗಿ ಹೊರಬಂತು.

ಚಿಕ್ಕಮ್ಮ ಸಹಿ ಹಾಕಿದಳು. ಸಹಿ ಅದರ ಪೆಟ್ಟಿಗೆ ದಾಟಿ, ಗೆರೆ ದಾಟಿ, ಕಂಪನಿಯ ಮುದ್ರೆ ಬೀಳಬೇಕಾದ ಜಾಗದವರೆಗೂ ಹೋಯಿತು. ಮುದ್ರೆಯನ್ನು ಮ್ಯಾನೇಜರ್ ಸ್ವಲ್ಪ ಆಚೆಗೆ ಒತ್ತಿದರು.

ಮುಂದಿನ ತಿಂಗಳು ಎಂಟನೇ ತಾರೀಖು ಬಲಗಣ್ಣಿನ ಆಪರೇಷನ್ ಆಯಿತು. ಇಪ್ಪತ್ತು ನಿಮಿಷದ ಕೆಲಸ. ಪಟ್ಟಿಯಕ್ಕ ಹೊರಗೆ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದಳು. ಮಾರನೆಯ ಬೆಳಿಗ್ಗೆ ನರ್ಸು ಬಂದು ಪಟ್ಟಿ ಬಿಚ್ಚಿ, “ನಿಧಾನವಾಗಿ ಕಣ್ಣು ತೆರೀರಿ, ಏನು ಕಾಣಿಸುತ್ತೆ ಹೇಳಿ” ಎಂದಳು.

ಚಿಕ್ಕಮ್ಮ ಕಣ್ಣು ತೆರೆದಳು. ಎದುರಿಗೆ ಪಟ್ಟಿಯಕ್ಕ ಬಾಗಿ ನಿಂತಿದ್ದಳು.

“ನಿನ್ನ ಕೂದಲು ಯಾವಾಗ ಇಷ್ಟು ನರೆತಿದ್ದು?”

“ಹೋದ ತಿಂಗಳು, ಚಿಕ್ಕಮ್ಮ.”

ಚಿಕ್ಕಮ್ಮ ಅವಳನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು, ಅಳತೆ ತೆಗೆದುಕೊಳ್ಳುವವಳ ಹಾಗೆ, ಮೇಲಿನಿಂದ ಕೆಳಗಿನವರೆಗೆ. ಆಮೇಲೆ ಕಿಟಕಿಯ ಕಡೆ ತಿರುಗಿದಳು. ಬೆಳಕಿಗೆ ಕಣ್ಣು ಕಿರಿದು ಮಾಡಿ, ಆಸ್ಪತ್ರೆಯ ಹಸಿರು ಪರದೆಯ ಕೆಳ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ದೃಷ್ಟಿಯಲ್ಲೇ ಸವರಿದಳು.

“ಇದನ್ನ ಯಾರು ಹೊಲಿದಿದ್ದು?” ಎಂದಳು ನರ್ಸಿಗೆ. “ಹೊಲಿಗೆ ಸೊಟ್ಟಗಿದೆ.”